ಇಪ್ಪತ್ಮೂರನೇ ತಾರೀಖು

2025ರ ಸೆಪ್ಟೆಂಬರ್ 20, ಶನಿವಾರ ರಾತ್ರಿ. ನಮ್ಮೂರಿನ ಅಕ್ಕ ಒಬ್ಬರು ಫೋನ್ ಮಾಡಿ ಅತ್ತರು. ಅವರದು ಕ್ರೈಸ್ತ ಕುಟುಂಬ. ಮಗಳು ಬೆಂಗಳೂರಿನಲ್ಲಿ ನರ್ಸ್, ಬಿಟಿಎಂ ಲೇಔಟ್‌ನ ಪಿಜಿಯಲ್ಲಿ ಇದ್ದಾಳೆ.

"ಮಂಗಳವಾರ ಯೇಸುಸ್ವಾಮಿ ಬರ್ತಾರಂತೆ ಕಣಪ್ಪ. ಕೆಲಸ ಬಿಡ್ತೀನಿ, ಸಂಘದ ಸಾಲದ ಕಂತು ಕಟ್ಟಲ್ಲ ಅಂತಾಳೆ. ಒಂದ್ಸಲ ಹೋಗಿ ನೋಡಿ ಬಾ."

ಬೆಳಿಗ್ಗೆಯೇ ಬಸ್ಸು ಹತ್ತಿದೆವು. ನಿಜ ಹೇಳಬೇಕೆಂದರೆ, ಅಕ್ಕನ ಮೇಲಿನ ಕಾಳಜಿ ಅರ್ಧ, ಸುದ್ದಿಯ ಆಸೆ ಅರ್ಧ. 'ಪ್ರಳಯಕ್ಕೆ ಕಾದ ಬೆಂಗಳೂರು' ಅಂತ ತಲೆಬರಹವನ್ನೂ ಮನಸ್ಸಿನಲ್ಲೇ ಬರೆದುಕೊಂಡಿದ್ದೆವು.

ಭೈರಸಂದ್ರ, ತಾವರೆಕೆರೆ, ಮಡಿವಾಳ. ಈ ಮೂರು ಊರುಗಳ ಇಂಗ್ಲಿಷ್ ಮೊದಲಕ್ಷರ ಸೇರಿದರೆ ಬಿಟಿಎಂ. ಈಗ ಅಲ್ಲಿ ಎಲ್ಲಿ ನೋಡಿದರೂ ಪಿಜಿ. ಹುಡುಗಿ ಗೇಟಿನ ಹತ್ತಿರವೇ ಮೊಬೈಲ್ ತೋರಿಸಿದಳು. ದಕ್ಷಿಣ ಆಫ್ರಿಕಾದ ಒಬ್ಬರು 23 ಇಲ್ಲವೇ 24ನೇ ತಾರೀಖು ಎಂದು ಹೇಳಿದ ವಿಡಿಯೊ. ಅವು ಯೆಹೂದಿಗಳ ಹೊಸ ವರ್ಷದ ದಿನಗಳು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇವೆ. ಯೇಸು ಮತ್ತೆ ಬರುತ್ತಾರೆ ಎಂಬುದು ಕ್ರೈಸ್ತರ ಸಾಮಾನ್ಯ ನಂಬಿಕೆ. ಅದಕ್ಕೆ 'ಎರಡನೇ ಬರೋಣ' ಎನ್ನುತ್ತಾರೆ. ಲೋಕಕ್ಕೆ ಮಹಾಸಂಕಟ ಬರುವ ಮೊದಲೇ ನಂಬಿದವರನ್ನು ಆಕಾಶಕ್ಕೆ ಎತ್ತಿಕೊಳ್ಳುತ್ತಾರೆ ಎಂಬುದು 'ಎತ್ತಲ್ಪಡುವಿಕೆ'. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರಿಕೆಯ 4ನೇ ಅಧ್ಯಾಯವನ್ನು ಇದಕ್ಕೆ ಆಧಾರವಾಗಿ ತೋರಿಸುತ್ತಾರೆ. ಈ ಬೋಧನೆಯನ್ನು 1830ರ ದಶಕದಿಂದ ಹರಡಿದವರು ಜಾನ್ ನೆಲ್ಸನ್ ಡಾರ್ಬಿ. ಪೆಂತೆಕೊಸ್ತ್, ಬ್ರದರನ್ ಸಭೆಗಳಲ್ಲಿ ಇದು ಹೆಚ್ಚು. ಕ್ಯಾಥೊಲಿಕ್ ಚರ್ಚು ಹೀಗೆ ಬೋಧಿಸುವುದಿಲ್ಲ.

ತಾರೀಖು ಹೇಳಿ ಸೋತವರು ಹಿಂದೆಯೂ ಇದ್ದರು. 1844ರ ಅಕ್ಟೋಬರ್ 22ಕ್ಕೆ ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಅವರನ್ನು ನಂಬಿದ ಕೆಲ ರೈತರು ಬೆಳೆ ಕೊಯ್ಯದೆ ಕಾದರು. ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದರು, ಆಮೇಲೆ ಅಕ್ಟೋಬರ್ 21 ಎಂದರು. ಮರುವರ್ಷ ತಪ್ಪಾಯಿತು ಎಂದು ಒಪ್ಪಿಕೊಂಡರು.

ನಮ್ಮಲ್ಲೇನು ಕಡಿಮೆ? 1962ರ ಫೆಬ್ರವರಿಯಲ್ಲಿ ಅಷ್ಟಗ್ರಹ ಕೂಟ ಎಂದು ದೇಶವೇ ಹೆದರಿತ್ತು. ಬಿತ್ತನೆಗೆ ಇಟ್ಟ ಕಾಳನ್ನೂ ಬೇಯಿಸಿಕೊಂಡು ತಿಂದೆವು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಲೋಕ ಉಳಿಯಿತು, ಬೀಜ ಉಳಿಯಲಿಲ್ಲ.

ಇದನ್ನೆಲ್ಲ ಹೇಳಿ "ಹೆದರಬೇಡಮ್ಮ" ಎಂದೆವು.

"ಹೆದರಿಕೆ ಅಲ್ಲ ಮಾಮ. ನೈಟ್ ಡ್ಯೂಟಿ, ಕೋರ್ಸಿನ ಸಾಲ, ಪಿಜಿ ಬಾಡಿಗೆ. ಮಂಗಳವಾರ ಎಲ್ಲ ಮುಗಿಯತ್ತೆ ಅಂದಾಗ ಹಗುರ ಆಯ್ತು."

ನಮಗೆ ಮಾತು ಹೊರಡಲಿಲ್ಲ. ತಲೆಬರಹ ಅಲ್ಲಿಗೇ ಸತ್ತುಹೋಯಿತು.

ಅವಳ ಜೊತೆ ಭಾನುವಾರದ ಆರಾಧನೆಗೆ ಹೋದೆವು. ಎರಡನೇ ಮಹಡಿಯ ಬಾಡಿಗೆ ಹಾಲ್, ಪ್ಲಾಸ್ಟಿಕ್ ಕುರ್ಚಿಗಳು. ಮುಗಿದ ಮೇಲೆ ಅವಳು ಸಭಾಪಾಲಕರನ್ನೇ ಕೇಳಿದಳು. ಅವರು ಮತ್ತಾಯ 24ನೇ ಅಧ್ಯಾಯ ತೆರೆದರು. ಆ ದಿನ, ಆ ಗಳಿಗೆ ತಂದೆಗೆ ಬಿಟ್ಟು ಯಾರಿಗೂ ತಿಳಿಯದು ಎಂದು ಅಲ್ಲಿದೆ. "ತಾರೀಖು ಹೇಳೋರನ್ನ ನಂಬಬೇಡಮ್ಮ. ಕರ್ತರು ಬರುವಾಗ ನೀನು ರೋಗಿಯ ಪಕ್ಕ ಇರು, ಸಾಕು" ಎಂದರು.

ಮಂಗಳವಾರ ರಾತ್ರಿ ಅವಳು ಡ್ಯೂಟಿಗೆ ಹೋದಳು. ಗುರುವಾರ ಬೆಳಿಗ್ಗೆ ಫೋನ್ ಬಂತು. "ಏನೂ ಆಗಲಿಲ್ಲ ಮಾಮ." ದನಿಯಲ್ಲಿ ಸಮಾಧಾನಕ್ಕಿಂತ ದಣಿವೇ ಹೆಚ್ಚಿತ್ತು.

ನಾವು ಸುದ್ದಿ ಕಳಿಸಲಿಲ್ಲ. ಅಕ್ಕನ ಜೊತೆ ಸಂಘಕ್ಕೆ ಹೋಗಿ ಕಂತಿಗೆ ಎರಡು ತಿಂಗಳ ಗಡುವು ಕೇಳಿದೆವು. ಕೊಟ್ಟರು. ದಸರಾಗೆ ಹುಡುಗಿ ಊರಿಗೆ ಬಂದು ಎರಡು ದಿನ ಬರೀ ನಿದ್ದೆ ಮಾಡಿದಳು.

ನಿಮ್ಮ ಮನೆಯ ಮಗಳೂ ಸಿಟಿಯಲ್ಲಿದ್ದರೆ, ಇವತ್ತು ಒಂದು ಫೋನ್ ಮಾಡಿ. ಊಟ ಆಯ್ತಾ ಅಂತ ಮಾತ್ರ ಅಲ್ಲ, ನಿದ್ದೆ ಆಯ್ತಾ ಅಂತಲೂ ಕೇಳಿ.