ತಪ್ಪಿದ ಗುರಿಗೂ ಒಂದು ಅಂಕ

ನಾಗಪುರದಲ್ಲಿ ನೆಲೆಸಿರುವ ಧಾರವಾಡದ ಅಜ್ಜಿಗೆ ಮೆಲ್ಬರ್ನ್‌ನ ಮೊಮ್ಮಗ ವಿಡಿಯೋ ಕಾಲ್‌ನಲ್ಲಿ ಅಲ್ಲಿನ ಫುಟ್‌ಬಾಲ್ ವಿವರಿಸುತ್ತಿದ್ದ. ಮೈದಾನ ಜಾಮಠಾ ಸ್ಟೇಡಿಯಮ್ಮಿನಂತೆ ಕ್ರಿಕೆಟ್ಟಿನದೇ. ತಂಡಕ್ಕೆ 18 ಜನ. ಚೆಂಡನ್ನು ಒದೆಯಬಹುದು, ಒಂದು ಕೈಯಲ್ಲಿ ಹಿಡಿದು ಇನ್ನೊಂದರ ಮುಷ್ಟಿಯಿಂದ ಗುದ್ದಬಹುದು, ಎಸೆಯುವಂತಿಲ್ಲ. ಒದ್ದ ಚೆಂಡು 15 ಮೀಟರಾದರೂ ಸಾಗಿ ಬಂದಾಗ, ನೆಲ ಮುಟ್ಟುವ ಮೊದಲೇ ಹಿಡಿದವನಿಗೆ ಅಡ್ಡಿಯಿಲ್ಲದೆ ಒದೆಯುವ ಅವಕಾಶ. ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನೆರಡರ ಮಧ್ಯೆ ಒದ್ದರೆ 6 ಅಂಕ, ಪಕ್ಕದ ಸಂದಿಯಲ್ಲಿ ಹೋದರೆ 1.

“ಗುರಿ ತಪ್ಪಿದ್ರೂ ಕೊಡ್ತಾರೇನೋ?”

“ಹೂಂ ಅಜ್ಜಿ.”

ಆಮೇಲೆ ಬಾಯಿಬಿಟ್ಟ. ನಿನ್ನೆ ಅವನ ತಂಡ 4 ಅಂಕದಿಂದ ಸೋತಿತ್ತು. ಕೊನೆಯ ಒದೆತ ಅವನದೇ. ಪಕ್ಕದ ಸಂದಿಗೆ ಹೋಗಿತ್ತು. ಇದೊಂದನ್ನು ಹೇಳಲು ಅಷ್ಟೂ ನಿಯಮ ಬೇಕಾಗಿದ್ದವು.

ಅಜ್ಜಿ ಲೆಕ್ಕ ಹಾಕಿದರು. “ನೀ ಒದೀದಿದ್ರ 5ರಿಂದ ಸೋಲ್ತಿದ್ರಿ, ಹೌದಿಲ್ಲೋ?”