ಅಕ್ಕಪಕ್ಕದ ಹೊಲ

ಸಿದ್ದಾಪುರದಲ್ಲಿ ನಮ್ಮ ಬಾಡಿಗೆ ಮನೆಯಿಂದ ಕೆಳಗಿಳಿದ್ರೆ ನರ್ಸರಿಗಳು, ಅವನ್ನ ದಾಟಿದ್ರೆ ಲಾಲ್‌ಬಾಗ್. ಮೊನ್ನೆ ಊರಿಂದ ಬಂದ ಅಪ್ಪ ಸಸಿಗಳನ್ನೆಲ್ಲ ನೋಡಿ, "ಸದ್ಯ, ನೀಲಗಿರಿ ಇಟ್ಟಿಲ್ಲ" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ನಮ್ಮದು ಕೋಲಾರದ ಕಡೆ ಹಳ್ಳಿ. ನಾನು ಹೈಸ್ಕೂಲಲ್ಲಿದ್ದಾಗ ರಾಗಿ ಹೊಲಕ್ಕೆ ಅಪ್ಪ ನೀಲಗಿರಿ ಹಾಕಿದ್ರು. ಬಿ.ಇ. ಓದುವಾಗ ರಜೆಗೆ ಹೋದವನು, ನಾಲ್ಕು ಜನರ ಎದುರಿಗೇ "ಕುರಿ ಥರ ಊರವರ ಹಿಂದೆ ಹೋದ್ರಿ" ಅಂದುಬಿಟ್ಟೆ. ಅಪ್ಪ ಮಾತಾಡಲಿಲ್ಲ.

2024ರಲ್ಲಿ ಹಾಪ್‌ಫೀಲ್ಡ್ ಮತ್ತು ಹಿಂಟನ್‌ಗೆ ಭೌತಶಾಸ್ತ್ರದ ನೊಬೆಲ್ ಬಂತಲ್ಲ, ಆಗ ಕುತೂಹಲಕ್ಕೆ ಅವರ ಕೆಲಸದ ಬೇರು ಹುಡುಕಿದೆ. ಸಿಕ್ಕಿದ್ದು ಐಸಿಂಗ್ ಮಾದರಿ. 1920ರಲ್ಲಿ ವಿಲ್ಹೆಲ್ಮ್ ಲೆಂಜ್ ಸೂಚಿಸಿದ್ದು. ಶಿಷ್ಯ ಅರ್ನ್ಸ್ಟ್ ಐಸಿಂಗ್‌ಗೆ ಸಂಶೋಧನೆಗೆ ಕೊಟ್ಟಿದ್ದು. ಕಾಂತದೊಳಗೆ ಪುಟ್ಟ ಪುಟ್ಟ ಕಾಂತಗಳಿವೆ ಅಂದ್ಕೊಳ್ಳಿ. ಪ್ರತಿಯೊಂದರ ಮುಖ ಮೇಲಕ್ಕೆ, ಇಲ್ಲಾ ಕೆಳಕ್ಕೆ. ಅದು ನೋಡೋದು ಪಕ್ಕದವರನ್ನ ಮಾತ್ರ. ಅವರಂತೆ ಇದ್ರೆ ನೆಮ್ಮದಿ. ಬಿಸಿ ಹೆಚ್ಚಾದ್ರೆ ಮನಸ್ಸು ಬಂದಂತೆ ತಿರುಗುತ್ತೆ. ಅಷ್ಟೇ ಕತೆ.

ಒಂದೇ ಸಾಲಲ್ಲಿ ನಿಲ್ಲಿಸಿದ್ರೆ ಇವು ಒಗ್ಗಟ್ಟಾಗಿ ಒಂದು ಕಡೆ ತಿರುಗಿ ಉಳಿಯಲ್ಲ ಅಂತ 1925ರಲ್ಲಿ ಐಸಿಂಗ್ ಬರೆದ. ಸರಿಯೇ, ಸಾಲು ಎಲ್ಲಿ ಬೇಕಾದ್ರೂ ಸುಲಭವಾಗಿ ತುಂಡಾಗುತ್ತೆ. ಆದ್ರೆ ಮೂರು ಆಯಾಮದಲ್ಲೂ ಹಾಗೇ ಅಂದ್ಕೊಂಡಿದ್ದು ತಪ್ಪು. ಹೊಲಗಳ ಹಾಗೆ ಚೌಕ ಚೌಕವಾಗಿ ಹರಡಿದ್ರೇ ಸಾಕು, ಲೆಕ್ಕ ಬದಲಾಗುತ್ತೆ ಅಂತ 1936ರಲ್ಲಿ ಪೈಯರ್ಲ್ಸ್ ತೋರಿಸಿದ. 1944ರಲ್ಲಿ ಆನ್‌ಸಾಗರ್ ಪೂರ್ತಿ ಬಿಡಿಸಿದ. ಆ ಹೊತ್ತಿಗೆ ಐಸಿಂಗ್ ಮೇಷ್ಟ್ರಾಗಿ, ಯಹೂದಿ ಅನ್ನೋ ಕಾರಣಕ್ಕೆ ಕೆಲಸ ಕಳ್ಕೊಂಡು, ಜರ್ಮನಿ ಬಿಟ್ಟಾಗಿತ್ತು. ತನ್ನ ಹೆಸರು ಪ್ರಸಿದ್ಧವಾಗಿದ್ದು ಅವನಿಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. 1982ರಲ್ಲಿ ಹಾಪ್‌ಫೀಲ್ಡ್ ಇದೇ ಗಣಿತದಿಂದ ನೆನಪು ಉಳಿಸಿಕೊಳ್ಳೋ ಜಾಲ ಕಟ್ಟಿದ.

ಒಂದು ಭಾನುವಾರ ಕೂತು ನಲವತ್ತು ಸಾಲಿನ ಪ್ರೋಗ್ರಾಂ ಬರೆದೆ. ಪರದೆ ತುಂಬ ಕಪ್ಪು ಬಿಳಿ ಚುಕ್ಕಿಗಳು. ತಾಪ 2.27ಕ್ಕಿಂತ ಚೆನ್ನಾಗಿ ಕೆಳಗಿಳಿಸಿದ್ರೆ, ಕಪ್ಪಿನ ಮಧ್ಯೆ ಸಿಕ್ಕ ಬಿಳಿ ದ್ವೀಪಗಳು ಕರಗಿ ಹೋಗ್ತವೆ. ಯಾರೂ ಅಪ್ಪಣೆ ಕೊಟ್ಟಿಲ್ಲ, ಎಲ್ಲರೂ ನೋಡಿದ್ದು ಪಕ್ಕದವರನ್ನಷ್ಟೇ.

ಅಪ್ಪನಿಗೆ ಅದನ್ನೇ ತೋರಿಸಿದೆ. ಕನ್ನಡಕ ಹಾಕ್ಕೊಂಡು ಬಗ್ಗಿ ನೋಡಿದ್ರು.

"ಈ ಬಿಳಿದು ನಮ್ಮ ಹೊಲಾನಾ?"

"ಹೂಂ."

ನೋಡ್ತಿದ್ದ ಹಾಗೇ ಅದು ಕಪ್ಪಾಯ್ತು.

"ಇಷ್ಟು ಬೇಗ ಅಲ್ಲ ಕಣೋ" ಅಂದರು ಅಪ್ಪ. "ಸುತ್ತ ಮೂರು ಕಡೆ ಹಾಕಿದ ಮೇಲೂ ನಾಲ್ಕು ವರ್ಷ ರಾಗೀನೇ ಬಿತ್ತಿದ್ದೆ. ನೆರಳು, ಬೇರು, ನೀರಿಲ್ಲ. ಕೊನೇ ವರ್ಷ ಬಿತ್ತನೆ ಖರ್ಚೂ ಹುಟ್ಟಲಿಲ್ಲ."

ಆ ನಾಲ್ಕು ವರ್ಷ ನಾನು ಅದೇ ಮನೇಲಿ ಉಣ್ತಾ ಇದ್ದೆ. ನನಗೆ ಗೊತ್ತೇ ಇರಲಿಲ್ಲ.

"ಅವತ್ತು ಹಾಗನ್ನಬಾರದಿತ್ತು ಅಪ್ಪ" ಅಂದೆ.

"ಯಾವತ್ತು?" ಅಂದರು. ನೆನಪಿಲ್ಲದೆ ಕೇಳಿದ್ದಲ್ಲ ಅದು.