ಅವ್ವ ಕೇಳಿದ ಪಾಠ

ನಮ್ಮ ಮನೆಯಲ್ಲಿ ಟೆಲಿವಿಷನ್ ಇರಲಿಲ್ಲ. ಇದನ್ನು ದೂರಿಗಾಗಿ ಹೇಳುತ್ತಿಲ್ಲ. ಅದರ ಉಪಕಾರವನ್ನು ಕುರಿತು ಬರೆಯಹೊರಟವನು ಮೊದಲು ಸತ್ಯವನ್ನು ಒಪ್ಪಿಕೊಳ್ಳುವುದು ಲೇಸೆಂದು ಹೇಳುತ್ತಿದ್ದೇನೆ.

ನಮ್ಮ ರಾಯಚೂರು ಸೀಮೆಗೆ ಈ ಯಂತ್ರ ಹೊಸತೇನಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ, ಅಮೆರಿಕೆಯ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಪ್ರಸಾರ ನಡೆಯಿತು. ಕರ್ನಾಟಕದಲ್ಲಿ ಆ ಭಾಗ್ಯ ರಾಯಚೂರು ಮತ್ತು ಇಂದಿನ ಕಲಬುರಗಿ, ವಿಜಯಪುರ ಜಿಲ್ಲೆಗಳ ಹಳ್ಳಿಗಳದು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ರೈತರಿಗೆ. ತಂತಿಬಲೆಯ ದೊಡ್ಡ ಬುಟ್ಟಿಯಂತಿದ್ದ ಆಂಟೆನಾವನ್ನು ಪಕ್ಕದೂರಿನಲ್ಲಿ ಕಂಡುಬಂದ ನಮ್ಮಜ್ಜ, ಅದರಲ್ಲಿ ಮಾತು ಹಿಡಿಯುತ್ತಾರೆಂದು ಬಹುದಿನ ನಂಬಿದ್ದನಂತೆ.

ಆ ಪಾಠದ ಸರದಿ ನನಗೆ ಬಂದದ್ದು 2020ರಲ್ಲಿ. ಕೊರೋನಾ ಕಾಲ, ಶಾಲೆಗೆ ಬೀಗ. ನಾನು ಹತ್ತನೆಯ ತರಗತಿ. ಜುಲೈ 20ರಿಂದ ದೂರದರ್ಶನದ ಚಂದನ ವಾಹಿನಿ ಪ್ರೌಢಶಾಲೆಯ ಮಕ್ಕಳಿಗೆ 'ಸೇತುಬಂಧ'ವೆಂಬ ಪಾಠಗಳನ್ನೂ, ಅನಂತರ 'ಸಂವೇದ'ವನ್ನೂ ಪ್ರಸಾರ ಮಾಡಿತು. ಕೈಫೋನಿಲ್ಲದ ನಾನು ನೆರೆಮನೆಯ ಹೊಸ್ತಿಲಲ್ಲಿ ನೋಟುಪುಸ್ತಕ ಹಿಡಿದು ಕೂತೆ. ಬೆಂಗಳೂರಿನ ಹುಡುಗನಿಗೂ ನನಗೂ ಅದೇ ಮಾಸ್ತರು, ಅದೇ ಪಾಠ, ಅದೇ ಕನ್ನಡ. ಶುಲ್ಕವಿಲ್ಲ. ಆದರೆ ಆ ಮಾಸ್ತರು ಯಾರಿಗೂ ಕಾಯುವವರಲ್ಲ.

ಅವ್ವನಿಗೆ ಸೊಂಟನೋವು ಕಾಣಿಸಿದ ದಿನ ಅವಳ ಬದಲು ನಾನು ಕಳೆ ತೆಗೆಯಲು ಹೋಗಬೇಕು. ಕೂಲಿ ತಪ್ಪಿದರೆ ಒಲೆ ಉರಿಯದು. ಅಂಥ ದಿನಗಳಲ್ಲಿ ಅವ್ವ ನನ್ನ ಜಾಗದಲ್ಲಿ ಕೂರತೊಡಗಿದಳು. ಅಕ್ಷರ ಬಾರದವಳು! ಸಂಜೆ ನಾನು ಬಂದೊಡನೆ ವರದಿ:

"ಮಾಸ್ತರು ಮೂರು ಮೂಲಿ ಚಿತ್ರಾ ತೆಗದ್ರು. ಒಂದು ಮೂಲಿ ಮಾತ್ರ ಗ್ವಾಡಿ ನಿಂತಂಗ ನೆಟ್ಟಗ ಇತ್ತು."

ನಾನು ನಕ್ಕುಬಿಟ್ಟೆ. ದಣಿದಿದ್ದೆನೆಂಬುದು ನೆಪ, ನಿಜವಾಗಿ, ಓದಿದವನೆಂಬ ಗರ್ವ. ಮರುದಿನವೂ ಅವ್ವ ಕೂತಿದ್ದಳು, ಆದರೆ ಏನನ್ನೂ ಹೇಳಲಿಲ್ಲ. ಕೇಳಿದರೆ, "ನನಗೇನು ತಿಳೀತದಪ್ಪಾ," ಎಂದು ರೊಟ್ಟಿ ತಟ್ಟತೊಡಗಿದಳು.

ರಾತ್ರಿ ಪುಸ್ತಕ ಬಿಡಿಸಿದೆ. ಲಂಬಕೋನ ತ್ರಿಭುಜ. ಪುಸ್ತಕ ಹೇಳಿದ್ದೂ ಅವ್ವ ಹೇಳಿದ್ದೂ ಒಂದೇ. ಗೋಡೆಯ ಮಾತೊಂದು ಪುಸ್ತಕದಲ್ಲಿರಲಿಲ್ಲ, ಅಷ್ಟೆ. ಚಿತ್ರವನ್ನು ಅವಳ ಮುಂದಿಟ್ಟು, "ಇದೇನಾ?" ಎಂದೆ. ಹಿಟ್ಟಿನ ಬೆರಳಿನಿಂದ ಆ ಮೂಲೆಯನ್ನೇ ಮುಟ್ಟಿ ತೋರಿಸಿದಳು. ಆ ಹಿಟ್ಟಿನ ಗುರುತು ಪುಟದ ಮೇಲೆ ಇನ್ನೂ ಇದೆ. ಅಂದಿನಿಂದ ವರದಿ ಮತ್ತೆ ಆರಂಭವಾಯಿತು. ನಾನು ನಗಲಿಲ್ಲ, ಬರೆದುಕೊಂಡೆ.

2021ರ ಜುಲೈನಲ್ಲಿ ಎರಡೇ ದಿನದ ಪರೀಕ್ಷೆ ನಡೆದು, ನಾನು ತೇರ್ಗಡೆಯಾದೆ. ಆ ವರ್ಷ ಬಹುತೇಕ ಎಲ್ಲರೂ ತೇರ್ಗಡೆಯಾದುದರಿಂದ ಜಂಬಕ್ಕೆ ಆಸ್ಪದವಿಲ್ಲ.

ಈಗ ನಮ್ಮ ಮನೆಗೂ ಒಂದು ಹಳೆಯ ಟೆಲಿವಿಷನ್ ಬಂದಿದೆ. ಕಳೆದ ರಜೆಯಲ್ಲಿ ಒಂದು ಸಂಜೆ, ಚಂದನದಲ್ಲಿ 2002ರಲ್ಲಿ ಆರಂಭವಾದ 'ಥಟ್ ಅಂತ ಹೇಳಿ' ನೋಡುತ್ತಿದ್ದೆವು. ಸರಿಯುತ್ತರ ಹೇಳಿದವರಿಗೆ ನಾ. ಸೋಮೇಶ್ವರರು ಪುಸ್ತಕ ಕೊಡುವುದನ್ನು ಕಂಡು ಅವ್ವ ಕೇಳಿದಳು:

"ಬರೇ ಪುಸ್ತಕಾನ? ರೊಕ್ಕ ಇಲ್ಲೇನು?"

"ಇಲ್ಲವ್ವಾ, ಪುಸ್ತಕವೇ."

ಸ್ವಲ್ಪ ಹೊತ್ತು ಯೋಚಿಸಿ ಅಂದಳು: "ಇರಲಿ, ಛಲೋನ ಆತು. ನಮಗೊಂದು ಬಂದ್ರ ಓದಿ ಹೇಳಾಕ ನೀ ಅದಿಯಲ್ಲ."